ಪುಟ್ಟಿ, ಮೊದಲು ಓಡು

ಚಿತ್ರದುರ್ಗ
ಭಾನುವಾರ ರಾತ್ರಿ

ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಅತ್ತದ್ದು ಬೈಕಿನಲ್ಲಿ ಬಂದ ಆ ಹುಡುಗ ರಸ್ತೆಯಲ್ಲಿ ಕೈ ಹಿಡಿದ ಅಂತಲ್ಲ, 'ನಾನು ಯಾಕಪ್ಪ ಕೂಗಲೇ ಇಲ್ಲ' ಅಂತ. ಆ ಮಾತು ಕೇಳಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಹೆದರಿಕೆ ಒಮ್ಮೆಲೇ ಮೈಮೇಲೆ ಬಂದಾಗ ಗಂಟಲು ಕಟ್ಟುತ್ತದೆ, ಕಾಲು ಮರಗಟ್ಟುತ್ತದೆ. ಅದು ಹೇಡಿತನ ಅಲ್ಲವೇ ಅಲ್ಲ. ದುರ್ಗಾಂಬಿಕಾ ಜಾತ್ರೆಯ ಕುಸ್ತಿಯಲ್ಲಿ, ವರ್ಷಗಟ್ಟಲೆ ಗರಡಿ ಮಟ್ಟಿಯಲ್ಲಿ ಹೊರಳಿದ ಹುಡುಗರೇ ಮೊದಲ ಸಲ ಕಣಕ್ಕಿಳಿದು ಕಂಬದಂತೆ ನಿಂತದ್ದನ್ನು ಕಂಡಿದ್ದೇನೆ. ಅಂಥ ಹೊತ್ತಲ್ಲಿ ಜೋರಾಗಿ ಉಸಿರು ಹೊರಗೆ ಬಿಡು. ಉಸಿರಿನ ಹಿಂದೆಯೇ ದನಿಯೂ ಬರುತ್ತದೆ.

ಸಂಜೆ ಆರರ ಮೇಲೆ ಹಾಸ್ಟೆಲ್ ಬಿಟ್ಟು ಹೊರಡಬೇಡ ಅಂದಳಲ್ಲ ನಿಮ್ಮಮ್ಮ, ಅದನ್ನು ನಾನು ಒಪ್ಪುವುದಿಲ್ಲ. ಲೈಬ್ರರಿಗೂ ಹೋಗು, ಬೆಣ್ಣೆ ದೋಸೆಗೂ ಹೋಗು.

'ದುರ್ಗದ ಹುಡುಗಿ, ಓಬವ್ವನ ಹಾಗೆ ಎದುರು ನಿಲ್ಲಬೇಕಿತ್ತು' ಅನ್ನುವವರು ಸಿಗುತ್ತಾರೆ. ಚಿಕ್ಕವಳಿದ್ದಾಗ ಆ ಕಿಂಡಿ ತೋರಿಸಿದ್ದೆ, ನೆನಪಿದೆಯಾ ಎಷ್ಟು ಇಕ್ಕಟ್ಟು ಅಂತ? ನೀರಿಗೆ ಹೋದವಳು ಹೈದರಾಲಿಯ ಸೈನಿಕರ ಸದ್ದು ಕೇಳಿ ಒನಕೆ ಹಿಡಿದು ಅದರ ಪಕ್ಕ ನಿಂತಳು. ಎಷ್ಟು ಜನ ಬಂದರೂ ಅವಳೆದುರಿಗೆ ಒಂದು ಸಲಕ್ಕೆ ಒಂದೇ ತಲೆ. ಅವಳ ಧೈರ್ಯದಷ್ಟೇ ದೊಡ್ಡದು ಅವಳು ನಿಂತ ಜಾಗ. ನೀನಿದ್ದದ್ದು ದಾವಣಗೆರೆಯ ಪಿ.ಬಿ. ರಸ್ತೆಯ ಬಯಲಲ್ಲಿ, ಬೈಕಿನಲ್ಲಿ ಬಂದವರು ಇಬ್ಬರು. ಅಲ್ಲಿ ನಿನ್ನ ಕಿಂಡಿ ಅಂದರೆ ಬೆಳಕಿರುವ, ಜನರಿರುವ ಅಂಗಡಿ ಬಾಗಿಲು. ಅಲ್ಲಿಗೆ ಓಡು. ಬ್ಯಾಗು, ಫೋನು ಕೇಳಿದರೆ ಬಿಸಾಕಿ ಓಡು. ಚಾಕು ಕಂಡರಂತೂ ಬೇರೆ ಯೋಚನೆಯೇ ಬೇಡ.

ಕೈ ಹಿಡಿದರೆ ಹಿಂದಕ್ಕೆ ಜಗ್ಗಬೇಡ, ಅವನ ಬಲವೇ ಹೆಚ್ಚು. ಹಿಡಿತದಲ್ಲಿ ಸಡಿಲ ಇರುವುದು ಅವನ ಹೆಬ್ಬೆರಳಿನ ತುದಿ ಉಳಿದ ಬೆರಳಿಗೆ ಸೇರುವ ಕಡೆ. ಒಂದು ಹೆಜ್ಜೆ ಅವನತ್ತಲೇ ಇಟ್ಟು, ಮೊಣಕೈ ಮಡಚಿ, ಮಣಿಕಟ್ಟನ್ನು ಆ ಸಂದಿಗೆ ತಿರುಗಿಸಿ ಕಿತ್ತುಕೋ. ಯಾರಾದರೂ ಮೈಮೇಲೆ ಬರುವಂತೆ ಕಂಡರೆ ಎರಡು ಮಾರು ದೂರ ಇರು, ಎರಡೂ ಅಂಗೈ ಬಿಚ್ಚಿ ಎದೆಯ ಮುಂದೆ ಹಿಡಿದು 'ದೂರ ನಿಲ್ಲು' ಅಂತ ಕಿರುಚು. ಹೊಡೆಯಲೇಬೇಕಾಗಿ ಬಂದರೆ ಮುಷ್ಟಿ ಬೇಡ, ನಿನ್ನ ಬೆರಳೇ ಮುರಿದೀತು. ಅಂಗೈಯ ಬುಡದಿಂದ ಮೂಗಿಗೆ, ಕಾಲಿನಿಂದ ಮೊಣಕಾಲಿಗೆ. ತಕ್ಷಣ ಓಡು, ಅವನು ಬಿದ್ದನಾ ಅಂತ ತಿರುಗಿ ನೋಡಬೇಡ.

ಗೆಲ್ಲುವ ಆಸೆ ಬೇಡ ಅನ್ನುವುದಕ್ಕೆ ಕಾರಣ ಇದೆ. ನಿನ್ನ ವಯಸ್ಸಿನಲ್ಲಿ ನನ್ನ ಗೆಳೆಯನೊಬ್ಬ ಬೀದಿಜಗಳದಲ್ಲಿ ಒಂದೇ ಒಂದು ಏಟು ತಿಂದ. ಏಟು ದೊಡ್ಡದೇನಲ್ಲ. ಬೀಳುವಾಗ ತಲೆ ಚರಂಡಿಯ ಕಲ್ಲಿಗೆ ಬಡಿಯಿತು. ಇವತ್ತಿಗೂ ಅವನ ಮಾತು ಸರಿಯಾಗಿಲ್ಲ. ಆ ದಿನ ಜಗಳ ಬಿಟ್ಟು ಬಾ ಅಂತ ಅವನನ್ನು ಎಳೆದುಕೊಂಡು ಬರದೆ, ನಾನೂ ತೋಳೇರಿಸಿ ನಿಂತಿದ್ದೆ. ನೀನು ಬಿದ್ದರೆ ಗದ್ದ ಎದೆಗೆ ಒತ್ತಿ, ಎರಡೂ ಕೈಯಿಂದ ತಲೆ ಮುಚ್ಚಿಕೋ.

ಆತ್ಮರಕ್ಷಣೆಗೆ ಕೈ ಎತ್ತಿದರೆ ತಪ್ಪಾಗುತ್ತಾ ಅಂತ ಕೇಳಿದೆಯಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಆ ಹಕ್ಕನ್ನೇ ಹೇಳುತ್ತವೆ. ಆದರೆ ತಪ್ಪಿಸಿಕೊಳ್ಳಲು ಎಷ್ಟು ಬೇಕೋ ಅಷ್ಟೇ. ಸುರಕ್ಷಿತ ಜಾಗ ಸೇರಿದ ಕೂಡಲೇ 112ಕ್ಕೆ ಫೋನ್ ಮಾಡು. ಬೈಕಿನ ನಂಬರ್ ಪೂರ್ತಿ ಸಿಗದಿದ್ದರೆ ಕೊನೆಯ ನಾಲ್ಕು ಅಂಕಿ ಸಾಕು.

ಬರುವ ಭಾನುವಾರ ಬೆಳಗಿನ ಬಸ್ಸಿಗೆ ದಾವಣಗೆರೆಗೆ ಬರುತ್ತೇನೆ. ಕುಂದುವಾಡ ಕೆರೆ ಹತ್ತಿರ ಸಿಗು, ನಿನ್ನ ರೂಮಿನ ಹುಡುಗಿಯನ್ನೂ ಕರೆದುಕೊಂಡು ಬಾ. ಅವಳು ಗಟ್ಟಿಯಾಗಿ ಹಿಡಿಯಲಿ, ನೀನು ಬಿಡಿಸಿಕೋ. ಆಮೇಲೆ ನೀನು ಹಿಡಿ.

ನಿನ್ನ
ಅಪ್ಪ