ನಿವೇಶನದ ಜೊತೆಗೆ ನೆರೆಹೊರೆಯೂ ಬೇಕು

ಮಾನ್ಯರೇ,

ಆಲಮಟ್ಟಿ ಜಲಾಶಯದ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ಬಂದಾಗಲೆಲ್ಲ ನಮ್ಮ ಭಾಗದ ಚರ್ಚೆ ಎಕರೆಗೆ ಎಷ್ಟು ಪರಿಹಾರ ಎಂಬಲ್ಲಿಗೇ ನಿಂತುಬಿಡುತ್ತದೆ. ಪರಿಹಾರ ನ್ಯಾಯವಾಗಿ ಸಿಗಲೇಬೇಕು. ಆದರೆ ಮುಳುಗಡೆಯಿಂದಾಗಿ ಊರು ಬಿಟ್ಟು ಬಂದವರು ಹೊಸ ಜಾಗದವರೇ ಆಗುವುದು ಹೇಗೆ ಎಂಬುದನ್ನೂ ಈಗಲೇ ಯೋಚಿಸಬೇಕಿದ್ದು, ಅದಕ್ಕೆ ನಿರಾಶ್ರಿತರನ್ನು ಬರಮಾಡಿಕೊಂಡ ಕೆನಡಾದ ಅನುಭವ ನೆರವಾದೀತು.

ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳಿಂದ ಜೀವ ಉಳಿಸಿಕೊಂಡು ಬಂದ ಸುಮಾರು 60,000 ಜನರಿಗೆ ಆ ದೇಶ 1979–80ರಲ್ಲಿ ನೆಲೆ ಕೊಟ್ಟಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಹೊಣೆ ಹೊತ್ತವರು ಸಾಮಾನ್ಯ ನಾಗರಿಕರು. ಐದು ಜನ ಸೇರಿ, ಇಲ್ಲವೇ ಒಂದು ಚರ್ಚಿನವರು ಕೂಡಿ, ಒಂದು ಕುಟುಂಬದ ಬಾಡಿಗೆ, ಊಟ, ಬಟ್ಟೆಯ ಖರ್ಚನ್ನು ಒಂದು ವರ್ಷ ನೋಡಿಕೊಳ್ಳುವುದಾಗಿ ಸರ್ಕಾರಕ್ಕೆ ಬರೆದುಕೊಡುತ್ತಿದ್ದರು. ಮಕ್ಕಳನ್ನು ಶಾಲೆಗೆ ಸೇರಿಸುವುದು, ದವಾಖಾನೆಗೆ ಕರೆದೊಯ್ಯುವುದು, ಕೆಲಸ ಹುಡುಕಿಕೊಡುವುದು ಎಲ್ಲಕ್ಕೂ ಅವರೇ ಮುಂದಾಗುತ್ತಿದ್ದರು. 1986ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ, ನಿರಾಶ್ರಿತರಿಗೆ ನೆರವಾದವರಿಗೆ ಕೊಡುವ ನಾನ್ಸೆನ್ ಪದಕವನ್ನು ಕೆನಡಾದ ಇಡೀ ಜನತೆಗೆ ನೀಡಿತು. 1914ರಲ್ಲಿ ಕೊಮಗಾಟ ಮಾರು ಹಡಗಿನಲ್ಲಿ ಬಂದ 376 ಭಾರತೀಯರಲ್ಲಿ ಹೆಚ್ಚಿನವರನ್ನು ವ್ಯಾಂಕೂವರ್ ಬಂದರಿನಿಂದಲೇ ಹಿಂದಕ್ಕಟ್ಟಿದ ದೇಶವೂ ಇದೇ (ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರಲ್ಲಿ). ಆದ್ದರಿಂದ ಈ ಔದಾರ್ಯ ಆ ಜನರ ಹುಟ್ಟುಗುಣವಲ್ಲ, ಕಾನೂನಿನಿಂದಲೂ ರೂಢಿಯಿಂದಲೂ ಬಂದದ್ದು, ನಾವೂ ಬೆಳೆಸಿಕೊಳ್ಳಬಹುದಾದದ್ದು ಎಂದು ನಾನು ನಂಬುತ್ತೇನೆ.

ಆ ದೇಶದ ನೆಲವಾದರೋ ಮೂಲನಿವಾಸಿಗಳಿಂದ ಕಿತ್ತುಕೊಂಡದ್ದು. ಹೊಸಬರಿಗೆ ಆಶ್ರಯ ಕೊಟ್ಟ ಮಾತ್ರಕ್ಕೆ ಆ ಋಣ ತೀರಿಲ್ಲ. ಪುನರ್ವಸತಿ ಕೇಂದ್ರಗಳಿಗಾಗಿ ಹೊಲ ಬಿಟ್ಟುಕೊಟ್ಟ ರೈತರನ್ನು ನಾವೂ ಮರೆಯಬಾರದು. ಅವರ ಅಸಮಾಧಾನ ಹಾಗೆಯೇ ಉಳಿದರೆ, ಮುಳುಗಡೆಯಿಂದ ಬಂದವರು ಎಷ್ಟು ವರ್ಷವಾದರೂ ಅಲ್ಲಿ ಹೊರಗಿನವರಾಗಿಯೇ ಇರಬೇಕಾಗುತ್ತದೆ.

ಇನ್ನು ಮುಂದೆ ಸ್ಥಳಾಂತರವಾಗುವ ಪ್ರತಿ ಕುಟುಂಬದ ಜೊತೆಗೂ ಆಸುಪಾಸಿನ ಊರಿನ ನಾಲ್ಕೈದು ಮನೆಯವರು ಒಂದು ವರ್ಷ ನಿಲ್ಲುವಂತೆ ಗ್ರಾಮ ಪಂಚಾಯಿತಿಗಳ ಮೂಲಕ ಏರ್ಪಾಡು ಮಾಡಬೇಕು. ಖರ್ಚು ಸರ್ಕಾರದ್ದೇ ಇರಲಿ, ಒಡನಾಟ ಮಾತ್ರ ಜನರದಾಗಲಿ. ಒಂದೇ ಓಣಿಯವರನ್ನು ಚದುರಿಸದೆ ಅಕ್ಕಪಕ್ಕದಲ್ಲೇ ನಿವೇಶನ ಹಂಚಬೇಕು, ಜಾತ್ರೆ ಉರುಸುಗಳಿಗೆ ಜಾಗ ಮೊದಲೇ ಗುರುತಿಸಬೇಕು. ಜಮೀನಿಲ್ಲದ ಕೂಲಿಕಾರರಿಗಂತೂ ಊರಿನ ಒಡನಾಟವೇ ಆಸ್ತಿಯಾಗಿದ್ದು, ಅವರಿಂದಲೇ ಈ ಕೆಲಸವನ್ನು ಆರಂಭಿಸಬೇಕೆಂದು ಜಿಲ್ಲಾಡಳಿತವನ್ನು ಕೋರುತ್ತೇನೆ.

– ನಿವೃತ್ತ ಶಿಕ್ಷಕಿ, ನವನಗರ, ಬಾಗಲಕೋಟೆ