ಸಾಲಿನ ಹಿಂದಕ್ಕೆ ಸರಿಯುವ ಹುಡುಗಿಯರು

ಚಿ. ರೇಣುಕಾಳಿಗೆ ದೊಡ್ಡವ್ವನ ಆಶೀರ್ವಾದ.

ಮನೆ ಸುದ್ದಿ ನಿಮ್ಮವ್ವ ಫೋನಿನಲ್ಲಿ ಹೇಳಿರುತ್ತಾಳೆ, ಬಿಡು. ನಿನ್ನ ಪತ್ರದ ಒಂದು ಮಾತು ಮಾತ್ರ ನನಗೆ ನಿದ್ದೆ ಕೊಡಲಿಲ್ಲ. ನೀನು ಕಲಿಸುವ ಆಟದ ಪೀರಿಯಡ್‌ನಲ್ಲಿ ಕೆಲವು ಹುಡುಗಿಯರು ಪಾಳಿ ಬರುವಷ್ಟರಲ್ಲಿ ಸಾಲಿನ ಹಿಂದಕ್ಕೆ ಹೋಗಿಬಿಡುತ್ತಾರೆ, ನನ್ನನ್ನು ಕಂಡರೇ ಅವರಿಗೆ ಆಗುವುದಿಲ್ಲವೇನೋ ಅಂತ ಬರೆದಿದ್ದೀಯಲ್ಲ, ಅದು.

ನಾನೂ ಹಾಗೆ ಸರಿದವಳೇ, ಮಗಳೇ. ನಮ್ಮ ಮಾಸ್ತರ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ. ಪರಕಾರ ಉಟ್ಟುಕೊಂಡು ಓಡಬೇಕು, ಬಯಲಿಗೆ ಕಾಂಪೌಂಡ್ ಇಲ್ಲ, ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ನೋಡುತ್ತಿದ್ದರು. ಮುಟ್ಟಿನ ದಿನಗಳ ಮಾತಂತೂ ಬೇಡವೇ ಬೇಡ. ಹೊಟ್ಟೆ ನೋವು ಅಂದರೆ ಮುಗಿಯಿತು. ಹಾಗಂತ ಓಡುವ ಆಸೆ ಇರಲಿಲ್ಲ ಅಂತಲ್ಲ. ಹೊಲದಲ್ಲಿ ನಿನ್ನ ಮಾವನ ಕೈಗೆ ನಾನು ಯಾವತ್ತೂ ಸಿಕ್ಕಿದವಳಲ್ಲ! ಆ ಶಾಲೆ ಬಯಲಿಗೆ ಈಗ ಆಲಮಟ್ಟಿ ಹಿನ್ನೀರು ಬಂದಿದೆ. ಒಮ್ಮೆಯಾದರೂ ಅಲ್ಲಿ ಪೂರ್ತಿ ಒಂದು ಸುತ್ತು ಓಡಬೇಕಿತ್ತು ಅಂತ ಮಂಡಿ ಹೋದ ಮೇಲೆ ಅನಿಸುತ್ತದೆ.

ನೀನು ಬಿಟ್ಟುಹೋದ ದೈಹಿಕ ಶಿಕ್ಷಣದ ಎಂ.ಪಿ.ಎಡ್. ನೋಟ್ಸ್ ತೆಗೆದು ಓದಿದೆ. ಅರ್ಧ ತಲೆಗೆ ಹತ್ತಲಿಲ್ಲ. ಆದರೆ 1983ರಲ್ಲಿ ಟೂಸಿನ್ಯಾಂ, ಸೀಡೆನ್‌ಟಾಪ್ ಅನ್ನುವ ಸಂಶೋಧಕರು ಅಮೆರಿಕದ ಹೈಸ್ಕೂಲು ಮಕ್ಕಳ ಬಗ್ಗೆ ಬರೆದದ್ದನ್ನು ನೀನೇ ಕೆಂಪು ಪೆನ್ನಿನಲ್ಲಿ ಗುರುತು ಮಾಡಿದ್ದೀಯ. ಗಲಾಟೆ ಇಲ್ಲ, ಹೇಳಿದ ಮಾತು ಮೀರುವುದಿಲ್ಲ, ಆದರೆ ಜಾಣತನದಿಂದ ಆಟ ತಪ್ಪಿಸಿಕೊಳ್ಳುವ ಮಕ್ಕಳು. ನಿನ್ನ ಹುಡುಗಿಯರು ಅವರೇ ಅಲ್ವಾ? ಅಲ್ಲಿನವರಿಗೂ ನೀನು ಮೇಡಂ ಆಗಿದ್ದೆಯೇನು?

ಅದೇ ವರ್ಷದ ಪ್ಲಾಸೆಕ್ ಅವರ ಅಧ್ಯಯನವೂ ಅಲ್ಲೇ ಇದೆ. ಮಕ್ಕಳು ಏನಾದರೊಂದು ಮಾಡುತ್ತಿರಬೇಕು, ಖುಷಿಯಾಗಿರಬೇಕು, ಶಿಸ್ತಿನಿಂದಿರಬೇಕು. ಇಷ್ಟಾದರೆ ಪಾಠ ಚೆನ್ನಾಯಿತು ಅಂತ ಶಿಕ್ಷಕರು ತಿಳಿದಿದ್ದರಂತೆ. ಕಲಿತರೋ ಇಲ್ಲವೋ ಆಮೇಲಿನ ಮಾತು. ನಮ್ಮ ಹೆಡ್‌ಮಾಸ್ತರುಗಳೂ ಕಿಟಕಿಯಿಂದ ಅಷ್ಟನ್ನೇ ನೋಡುತ್ತಿದ್ದರು. ನೀನು ಸಾಲಿನ ಹಿಂದೆ ಯಾರಿದ್ದಾರೆ ಅಂತ ನೋಡಿದೆ. ಅವರಿಗೆ ಆಗದವಳಾಗಿದ್ದರೆ ನೋಡುತ್ತಿದ್ದೆಯಾ?

ನಾನು ವಿಜ್ಞಾನ ಕಲಿಸಿದವಳು, ಆಟದ ವಿಷಯ ನಿನಗೆ ಹೇಳುವಷ್ಟು ದೊಡ್ಡವಳಲ್ಲ. ಎಣಿಸುವುದಷ್ಟೇ ಗೊತ್ತು. ಖೋ ಖೋದಲ್ಲಿ ಎರಡೂ ಕಡೆ ಸೇರಿ 18 ಜನ. ಬೆನ್ನಟ್ಟುವವಳು ಒಬ್ಬಳು, ಓಡುವವರು ಮೂವರು. ಎಂಟು ಜನ ಕೂತಿರುತ್ತಾರೆ, ಆರು ಜನ ಹೊರಗೆ. ಕೂತವರ ಕಾಲು ಖೋ ಕೇಳಲು ಕಾಯುತ್ತಿರುತ್ತವೆ, ನಿಜ. ಆದರೆ 50 ಮಕ್ಕಳ ತರಗತಿಯಲ್ಲಿ ಉಳಿದ 32 ಮಂದಿ? ಅಡಗಲು ಅಷ್ಟು ಜಾಗ ಸಿಕ್ಕರೆ ನಾನೂ ಅಡಗುತ್ತಿದ್ದೆ. ಒಂದು ಉದ್ದ ಸಾಲಿನ ಬದಲು ನಾಲ್ಕೈದು ಜನರ ಗುಂಪು ಮಾಡಿದರೆ ಹೇಗೆ? ನೀನು ಮಾಡಿಯೂ ಇರಬಹುದು.

ಸೀಡೆನ್‌ಟಾಪ್ ಕಡೆಯವರು ಎಣಿಸಿದ್ದೂ ಪೀರಿಯಡ್ ಎಷ್ಟು ನಿಮಿಷ ಅಂತಲ್ಲ. ಮಗು ತನ್ನ ಕೈಲಾಗುವ ಮಟ್ಟದ ಕೆಲಸವನ್ನು, ಹೆಚ್ಚಿನ ಸಲ ಸರಿಯಾಗುವ ಹಾಗೆ, ಎಷ್ಟು ಹೊತ್ತು ಮಾಡುತ್ತದೆ ಅಂತ. ಸರ್ವ್ ನೆಟ್ ದಾಟದ ಹುಡುಗಿ ಹತ್ತಿರ ನಿಂತು ಹೊಡೆಯಲಿ. ಅವಳ ಸರ್ವ್ ನೋಡಲು ಹುಡುಗರನ್ನು ಸುತ್ತ ನಿಲ್ಲಿಸಬೇಡ. ಕ್ಯಾಪ್ಟನ್‌ಗಳು ಒಬ್ಬೊಬ್ಬರನ್ನೇ ಆರಿಸುವುದನ್ನೂ ಬಿಟ್ಟುಬಿಡು, ಕೊನೆಗೆ ಉಳಿದವಳ ಮುಖ ನನಗೆ ಚೆನ್ನಾಗಿ ಗೊತ್ತು. ನಿನ್ನನ್ನು ಕಂಡರೆ ಆಗುವುದಿಲ್ಲವೇ ಅನ್ನುವುದನ್ನು ಅವರನ್ನೇ ಕೇಳು. ಎಲ್ಲರೆದುರು ಬೇಡ, ಚೆಂಡು ಒಳಗಿಡುವಾಗ ಸುಮ್ನೆ ಕೇಳು.

ನೋಟ್ಸ್ ಮುಂದಿನ ವಾರ ಬಸ್ಸಿನವರ ಕೈಯಲ್ಲಿ ಮುದ್ದೇಬಿಹಾಳಕ್ಕೆ ಕಳಿಸುತ್ತೇನೆ. ಅಲ್ಲಲ್ಲಿ ಪೆನ್ಸಿಲ್‌ನಲ್ಲಿ ಗೀಚಿದ್ದೇನೆ, ಬೈಯಬೇಡ.

ನಿನ್ನ ದೊಡ್ಡವ್ವ
ನವನಗರ, ಬಾಗಲಕೋಟೆ