ಹಾರ್ನ್ ಕೂಡಿಸುವಾಗ ಅವಸರ ಬೇಡ

ಮಾನ್ಯ ಸಂಪಾದಕರೇ,

ಮನೆಯಲ್ಲೇ ಸ್ಪೀಕರ್ ಕಟ್ಟುವವರ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಓದಿ ಸಂತೋಷವಾಯಿತು. ಆದರೆ ಕಂಪ್ರೆಷನ್ ಡ್ರೈವರ್‌ಗೆ (ಎತ್ತರದ ಸ್ವರಗಳನ್ನು ಹಾರ್ನ್ ಮೂಲಕ ಹೊರಡಿಸುವ ಘಟಕ) ಬಾಯಿ ಹೊಂದುವ ಯಾವ ಹಾರ್ನ್ (ಸದ್ದನ್ನು ಹೊರಗೆ ಹರಡುವ ಕಹಳೆಯಾಕಾರದ ಕೊಳವೆ) ಆದರೂ ಸಾಕು ಎಂಬ ಅದರ ಮಾತನ್ನು ಒಪ್ಪಲಾರೆ. ಹಾಗೆ ನಂಬಿಯೇ ನಾನು ಒಂದು ಡಯಾಫ್ರಾಮ್ (ಡ್ರೈವರ್‌ನಲ್ಲಿ ಅದುರಿ ಸದ್ದು ಹುಟ್ಟಿಸುವ ತೆಳು ಪೊರೆ) ಕಳೆದುಕೊಂಡೆ. 1 ಇಂಚಿನ ಡ್ರೈವರನ್ನು ಚಿಕ್ಕ ಹಾರ್ನ್‌ಗೆ ಕೂಡಿಸಿ, 800 ಹರ್ಟ್ಸ್‌ಗೇ ಕ್ರಾಸ್‌ಓವರ್ (ಕೆಳ ಸ್ವರಗಳನ್ನು ವೂಫರ್‌ಗೂ ಮೇಲಿನವನ್ನು ಡ್ರೈವರ್‌ಗೂ ಹಂಚುವ ಸರ್ಕ್ಯೂಟ್) ಇಟ್ಟಿದ್ದೆ. ಕಟ್‌ಆಫ್‌ಗಿಂತ, ಅಂದರೆ ಹಾರ್ನ್ ನಿಭಾಯಿಸಬಲ್ಲ ಅತಿ ತಗ್ಗಿನ ಆವರ್ತನಕ್ಕಿಂತ, ಕೆಳಗೆ ಹಾರ್ನ್‌ನೊಳಗಿನ ಗಾಳಿ ಡಯಾಫ್ರಾಮನ್ನು ಹಿಡಿದಿಡುವುದಿಲ್ಲ. ಅದು ಮಿತಿಮೀರಿ ಅಲುಗಾಡಿ ಸೀಳುತ್ತದೆ. ಈಗ 1,600 ಹರ್ಟ್ಸ್, ಆಕ್ಟೇವ್‌ಗೆ 24 ಡೆಸಿಬೆಲ್ ಇಳಿಜಾರು (ಗಡಿಯ ಕೆಳಗೆ ಆವರ್ತನ ಅರ್ಧಕ್ಕಿಳಿದಾಗಲೆಲ್ಲ ಡ್ರೈವರ್‌ಗೆ ಹೋಗುವ ಸಂಕೇತ ಅಷ್ಟು ತಗ್ಗುತ್ತದೆ). ಸದ್ದು ನಿರಾಳವಾಗಿದೆ.

ಇನ್ನೊಂದು ಮಾತು, ಇದನ್ನು ಬಹಳ ಜನ ಮರೆಯುತ್ತಾರೆ. ನನ್ನ ವೂಫರ್‌ನ ಸೂಕ್ಷ್ಮತೆ (ಅಷ್ಟೇ ವಿದ್ಯುತ್ ಕೊಟ್ಟಾಗ ಎಷ್ಟು ಜೋರಾಗಿ ನುಡಿಯುತ್ತದೆ ಎಂಬ ಅಳತೆ) 96 ಡೆಸಿಬೆಲ್, ಹಾರ್ನ್ ಕೂಡಿದ ಡ್ರೈವರ್‌ನದು 108. ಈ 12 ಡೆಸಿಬೆಲ್ ತಗ್ಗಿಸದಿದ್ದರೆ ಹಾಡುಗಾರರ ‘ಸ’ ಅಕ್ಷರದ ಸದ್ದು ಕಿವಿಗೆ ಚುಚ್ಚುತ್ತದೆ. ಅದನ್ನು ತಗ್ಗಿಸಲು 8 ಓಮ್ ಡ್ರೈವರ್‌ಗೆ ಕ್ರಾಸ್‌ಓವರ್ ಆದಮೇಲೆ ಸರಣಿಯಲ್ಲಿ 6 ಓಮ್, ಡ್ರೈವರ್‌ಗೆ ಸಮಾಂತರವಾಗಿ 2.7 ಓಮ್ ರೆಸಿಸ್ಟರ್ ಹಾಕಿದೆ. ಡ್ರೈವರ್‌ನ ಇಂಪೀಡೆನ್ಸ್ (ವಿದ್ಯುತ್ ಹರಿವಿಗೆ ಒಡ್ಡುವ ತಡೆ) ಏರಿಳಿದರೂ ಕ್ರಾಸ್‌ಓವರ್‌ಗೆ ಹೆಚ್ಚುಕಡಿಮೆ 8 ಓಮ್ ಕಾಣುವುದು ಇದರ ದೊಡ್ಡ ಉಪಕಾರ.

ಸಿದ್ಧ ಕ್ರಾಸ್‌ಓವರ್ ತಂದು ಜೋಡಿಸುವ ಮೊದಲು ದಯವಿಟ್ಟು ಮೈಕ್ ಇಟ್ಟು ಅಳೆಯಿರಿ.

ಇತಿ,
ಒಬ್ಬ ಸ್ಪೀಕರ್ ಹವ್ಯಾಸಿ